ಮುಂಡಗೋಡದ ಟಿಬೆಟ್ ಕ್ಯಾಂಪಿಗೆ ಸರಕಾರ ಕೊಟ್ಟದ್ದೇನು, ಕೊಡದೇ ಇಟ್ಟುಕೊಂಡದ್ದೇನು?

ಮಾವಳ್ಳಿ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಅತಿಕ್ರಮಣ ಜಮೀನಿನ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. ‘ಮೂರು ತಲೆಮಾರಿನಿಂದ ಇದ್ದ ನಮಗೆ ಪಟ್ಟಾ ಇಲ್ಲ, ಎಲ್ಲಿಂದಲೋ ಬಂದ ಟಿಬೆಟಿನವರಿಗೆ ಸಾವಿರಾರು ಎಕರೆ ಹೇಗೆ ಸಿಕ್ಕಿತು?’ ಅನ್ನುವುದು ಆ ಪ್ರಶ್ನೆ. ಚಹಾ ಅಂಗಡಿಯಲ್ಲೂ ಕೇಳುತ್ತಾರೆ, ಚುನಾವಣೆ ಹೊತ್ತಿಗೆ ವೇದಿಕೆ ಮೇಲೂ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಹೇಳುವವರು ಬಹಳ ಸಲ ಅರ್ಧ ಮಾತ್ರ ಹೇಳಿ ಬಿಡುತ್ತಾರೆ.

ಮುಂಡಗೋಡ ಇದೇ ಉತ್ತರ ಕನ್ನಡ ಜಿಲ್ಲೆಯ ತಾಲೂಕು. ಹೊನ್ನಾವರ, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ, ಶಿರಸಿ ಮೇಲಿಂದ ಹೋದರೆ ಸಿಗುತ್ತದೆ. ಅಲ್ಲಿಯ ಟಿಬೆಟಿಯನ್ ವಸತಿಗೆ ‘ದೊಗುಲಿಂಗ್’ ಅಂತ ಹೆಸರು. ಜನ ಕರೆಯುವುದು ‘ಟಿಬೆಟ್ ಕ್ಯಾಂಪ್’ ಅಂತ. ಸಾರ್ವಜನಿಕರ ದುಡ್ಡು, ಸರಕಾರದ ಜಾಗ, ಹೊರದೇಶದ ನೆರವು ಎಲ್ಲ ಸೇರಿ ನಡೆದ ನಿರಾಶ್ರಿತರ ಪುನರ್ವಸತಿ ಯೋಜನೆ ಇದು. ಆರಂಭವಾಗಿ ಸುಮಾರು 60 ವರ್ಷ ಆಯಿತು. ಇದರಲ್ಲಿ ಯಾರು ಏನು ಕೊಟ್ಟರು, ಯಾವುದನ್ನು ಕೊಡಲಿಲ್ಲ, ಅದರಿಂದ ಜಿಲ್ಲೆಗೆ ಏನಾಯಿತು ಅನ್ನುವುದರ ವಿವರ ಇಲ್ಲಿದೆ.

ಇಲ್ಲಿಗೆ ಬಂದದ್ದು ಹೇಗೆ?

1959ರ ಮಾರ್ಚ್‌ನಲ್ಲಿ ದಲೈಲಾಮಾ ಲಾಸಾ ಬಿಟ್ಟು ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ಮೊದಲು ಅವರನ್ನು ಅಸ್ಸಾಂನ ಮಿಸಾಮಾರಿ, ಪಶ್ಚಿಮ ಬಂಗಾಳದ ಬಕ್ಸಾ ಮುಂತಾದ ತಾತ್ಕಾಲಿಕ ಶಿಬಿರಗಳಲ್ಲಿ ಇಟ್ಟಿದ್ದರು. ಚಳಿ ದೇಶದ ಜನ ಆ ಸೆಕೆಯಲ್ಲಿ ಕಾಯಿಲೆ ಬಿದ್ದರು. ಸಾವಿರಾರು ಜನ ಹಿಮಾಲಯದಲ್ಲಿ ರಸ್ತೆ ಕೆಲಸದ ಕೂಲಿಗೆ ಹೋದರು.

ಕೂಲಿ ಮಾಡಿಕೊಂಡು ಎಷ್ಟು ದಿನ ಇರುವುದು? ಇವರಿಗೆ ಒಟ್ಟಾಗಿ ಉಳಿಯುವ ಜಾಗ ಬೇಕು ಅಂತ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದರು. ಮೈಸೂರು ರಾಜ್ಯ ದೊಡ್ಡ ಮನಸ್ಸು ಮಾಡಿತು. 1960ರಲ್ಲಿ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಕೊಟ್ಟಿತು. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ, ಮುಂಡಗೋಡದಲ್ಲಿ ಸುಮಾರು 4 ಸಾವಿರ ಎಕರೆ ಸಿಕ್ಕಿತು. ಮುಂದೆ ಬೈಲಕುಪ್ಪೆಯಲ್ಲಿ ಇನ್ನೊಂದು, ಹುಣಸೂರು, ಕೊಳ್ಳೇಗಾಲ ಸೇರಿ ರಾಜ್ಯದಲ್ಲಿ ಐದು ವಸತಿಗಳಾದವು. ಇವತ್ತಿಗೂ ದೇಶದಲ್ಲಿ ಅತಿ ಹೆಚ್ಚು ಟಿಬೆಟಿಯನ್ ನಿರಾಶ್ರಿತರು ಇರುವುದು ಕರ್ನಾಟಕದಲ್ಲೇ. ಕೇಂದ್ರ ಗೃಹ ಇಲಾಖೆಯ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 72 ಸಾವಿರ, ಅದರಲ್ಲಿ ಸುಮಾರು 21 ಸಾವಿರ ಜನ ಈ ರಾಜ್ಯದಲ್ಲಿ.

ಮುಂಡಗೋಡದಲ್ಲಿ ಕೊಟ್ಟದ್ದು ಉತ್ತು ಬಿತ್ತಿದ ಹೊಲ ಆಗಿರಲಿಲ್ಲ. ಕಾಡು ಜಾಗ. ಬಂದವರೇ ಮರ ಕಡಿದು, ಬೇರು ಕಿತ್ತು, ನೆಲ ಹದ ಮಾಡಿದರು. ಬಿದಿರಿನ ಗುಡಿಸಲಲ್ಲಿ ಮಳೆಗಾಲ ಕಳೆದರು. ಯಾಕ್, ಕುರಿ ಸಾಕಿ, ಬಾರ್ಲಿ ಬೆಳೆದು ಗೊತ್ತಿದ್ದವರು ಇಲ್ಲಿ ಭತ್ತ, ಗೋವಿನಜೋಳ, ಹತ್ತಿ ಬೆಳೆಯಲು ಕಲಿಯಬೇಕಾಯಿತು. ಬಕ್ಸಾ ಶಿಬಿರದಲ್ಲಿದ್ದ ಡ್ರೆಪುಂಗ್ ಮತ್ತು ಗಾದೆನ್ ಮಠಗಳ ಭಿಕ್ಷುಗಳು 1969ರ ನಂತರ ಬಂದು ಸೇರಿದರು. ಈಗ ಪ್ರವಾಸಿಗರು ನೋಡಿ ಬೆರಗಾಗುವ ದೊಡ್ಡ ಪ್ರಾರ್ಥನಾ ಮಂದಿರಗಳ ಮೂಲ ಅದೇ.

ಜಾಗ ಯಾರ ಹೆಸರಲ್ಲಿದೆ?

ಇಲ್ಲೇ ಹೆಚ್ಚಿನವರಿಗೆ ಗೊಂದಲ. ‘ಸರಕಾರ ಅವರಿಗೆ ಜಾಗ ಬರೆದುಕೊಟ್ಟಿದೆ’ ಅನ್ನುವುದು ತಪ್ಪು. ಜಾಗ ಸರಕಾರದ್ದೇ. ಕೊಟ್ಟದ್ದು ಬಳಸುವ ಹಕ್ಕು ಮಾತ್ರ, ಅದೂ ಲೀಸ್ ಮೇಲೆ. ಕ್ಯಾಂಪಿನ ಕುಟುಂಬ ತಾನು 60 ವರ್ಷ ಉತ್ತ ಹೊಲವನ್ನು ಮಾರುವ ಹಾಗಿಲ್ಲ. ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತುವುದಕ್ಕೂ ಆಗುವುದಿಲ್ಲ. ಭಟ್ಕಳದ ಒಬ್ಬ ಅಂಗಡಿಕಾರ ತನ್ನ ಹತ್ತು ಗುಂಟೆ ಜಾಗದ ಉತಾರ ತೋರಿಸಿ ಲೋನ್ ಮಾಡಬಹುದು. ಕ್ಯಾಂಪಿನ ರೈತನ ಹತ್ತಿರ ಅಂಥ ಕಾಗದ ಇಲ್ಲ.

ಆರಂಭದ ವಸತಿಗಳಲ್ಲಿ ತಲೆಗೆ ಹೆಚ್ಚುಕಮ್ಮಿ ಒಂದು ಎಕರೆ ಲೆಕ್ಕದಲ್ಲಿ ಭೂಮಿ ಹಂಚಲಾಗಿತ್ತು. ಮಕ್ಕಳು, ಮೊಮ್ಮಕ್ಕಳು ಹುಟ್ಟಿದರು, 80ರ ದಶಕದ ನಂತರ ಟಿಬೆಟಿನಿಂದ ಮತ್ತೂ ಜನ ಬಂದರು. ಭೂಮಿ ಮಾತ್ರ ಅಷ್ಟೇ ಉಳಿಯಿತು. ಹಾಗಾಗಿಯೇ ಚಳಿಗಾಲ ಬಂತೆಂದರೆ ದೊಡ್ಡ ಊರುಗಳಲ್ಲಿ ಟಿಬೆಟಿಯನ್ ಸ್ವೆಟರ್ ಅಂಗಡಿ ಸಾಲಾಗಿ ಕಾಣುವುದು. ಹೊಲದ ಆದಾಯ ಸಾಲದೇ ಹಿಡಿದ ದಾರಿ ಅದು.

2014ರಲ್ಲಿ ಕೇಂದ್ರ ಸರಕಾರ ‘ಟಿಬೆಟಿಯನ್ ಪುನರ್ವಸತಿ ನೀತಿ’ ತಂದಿತು. ಅದರ ಪ್ರಕಾರ ರಾಜ್ಯ ಸರಕಾರಗಳು ವಸತಿ ಜಾಗಗಳಿಗೆ 20 ವರ್ಷದ ಲೀಸ್ ಪತ್ರ ಮಾಡಿಕೊಡಬೇಕು. ನೋಂದಣಿ ಪ್ರಮಾಣಪತ್ರ ಇದ್ದವರಿಗೆ ವ್ಯಾಪಾರದ ಪರವಾನಗಿ ಕೊಡಬಹುದು, ಓದಿದವರು ನರ್ಸ್, ಶಿಕ್ಷಕ, ಎಂಜಿನಿಯರ್, ಲೆಕ್ಕಪರಿಶೋಧಕ ಮುಂತಾದ ಕೆಲಸಕ್ಕೆ ಸೇರಬಹುದು ಅಂತಲೂ ಇದೆ. ಉದ್ಯೋಗ ಖಾತ್ರಿ, ರೇಷನ್, ವಸತಿ ಯೋಜನೆಗಳ ಲಾಭ ಅವರಿಗೂ ಸಿಗಲಿ ಎಂದು ನೀತಿ ಹೇಳುತ್ತದೆ. ಆದರೆ ನೀತಿ ಅಂದರೆ ಕಾಯ್ದೆ ಅಲ್ಲ. ಭೂಮಿ ರಾಜ್ಯದ ವಿಷಯ. ಹಾಗಾಗಿ ಕೊಡುವುದು, ಬಿಡುವುದು ಕೊನೆಗೆ ರಾಜ್ಯದ ಆದೇಶ, ಸ್ಥಳೀಯ ಕಚೇರಿಯ ಫೈಲು ಇವುಗಳ ಮೇಲೇ ನಿಂತಿದೆ.

ದುಡ್ಡು ಎಲ್ಲಿಂದ, ಎಷ್ಟು?

ಮೂರು ಕಡೆಯಿಂದ. ಒಂದು, ಕೇಂದ್ರ ಮತ್ತು ರಾಜ್ಯ ಸರಕಾರ. ಎರಡು, ಹೊರದೇಶದ ನೆರವು ಸಂಸ್ಥೆಗಳು. ಮೂರು, ಟಿಬೆಟಿಯನ್ನರದ್ದೇ ದುಡಿಮೆ ಮತ್ತು ಮಠಗಳಿಗೆ ಬರುವ ದೇಣಿಗೆ.

ಕೇಂದ್ರ ಸರಕಾರದ ದೊಡ್ಡ ಖರ್ಚು ಆಗಿದ್ದು ಶಾಲೆಗೆ. 1961ರಲ್ಲಿ ಶಿಕ್ಷಣ ಮಂತ್ರಾಲಯದ ಕೆಳಗೆ ಟಿಬೆಟಿಯನ್ ಮಕ್ಕಳಿಗಾಗಿಯೇ ಒಂದು ಕೇಂದ್ರೀಯ ಶಾಲಾ ಆಡಳಿತ ಮಂಡಳಿ ಸ್ಥಾಪನೆಯಾಯಿತು. ಮುಂಡಗೋಡದ ಕ್ಯಾಂಪಿನ ಶಾಲೆಯನ್ನೂ ದಶಕಗಳ ಕಾಲ ಅದೇ ನಡೆಸಿತು. 2013ರ ನಂತರ ಇಂಥ ಶಾಲೆಗಳನ್ನು ಹಂತಹಂತವಾಗಿ ಟಿಬೆಟಿಯನ್ನರದ್ದೇ ಆದ ಸಂಭೋಟ ಶಾಲಾ ಸಂಸ್ಥೆಗೆ ವಹಿಸಿಕೊಡಲಾಗಿದೆ. ಮಠಗಳ ದೊಡ್ಡ ಕಟ್ಟಡಗಳನ್ನು ನೋಡಿ ‘ಇದೆಲ್ಲ ಸರಕಾರದ ದುಡ್ಡು’ ಅನ್ನುವವರಿದ್ದಾರೆ. ಅವು ಎದ್ದದ್ದು ಮುಖ್ಯವಾಗಿ ದೇಶ ವಿದೇಶದ ಭಕ್ತರ ದೇಣಿಗೆಯಿಂದ.

ಈಗ ಕೇಂದ್ರ ಕೊಡುವ ನೇರ ಅನುದಾನದ ಲೆಕ್ಕ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. 2015-16ರಿಂದ ಐದು ವರ್ಷಕ್ಕೆ 40 ಕೋಟಿ ರೂಪಾಯಿ ಮಂಜೂರಾಯಿತು. ವಸತಿ ಕಚೇರಿಗಳ ಆಡಳಿತ ಮತ್ತು ಸಮಾಜ ಕಲ್ಯಾಣದ ಖರ್ಚಿಗೆ ದಲೈಲಾಮಾರ ಕೇಂದ್ರೀಯ ಟಿಬೆಟಿಯನ್ ಪರಿಹಾರ ಸಮಿತಿ ಮೂಲಕ ಹೋಗುವ ಹಣ ಇದು. ಮುಂದೆಯೂ ಅನುದಾನ ಮುಂದುವರಿಯಿತು. ದೇಶದ 36 ವಸತಿ ಕಚೇರಿಗಳಿಗೆ ವರ್ಷಕ್ಕೆ 8 ಕೋಟಿ ಅಂದರೆ, 72 ಸಾವಿರ ಜನಕ್ಕೆ ಭಾಗಿಸಿದರೆ ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ತಿಂಗಳಿಗೆ ನೂರು ರೂಪಾಯಿಯೂ ಬೀಳುವುದಿಲ್ಲ. ಗೃಹಲಕ್ಷ್ಮಿಯಲ್ಲಿ ಒಂದು ಮನೆಗೆ ತಿಂಗಳಿಗೆ ನಿಗದಿ ಮಾಡಿದ್ದು 2 ಸಾವಿರ. ಶಾಲೆ, ರೇಷನ್ ಖರ್ಚು ಬೇರೆ ಇದೆ ನಿಜ. ಆದರೂ ‘ಕೋಟಿಗಟ್ಟಲೆ ಸುರಿಯುತ್ತಾರೆ’ ಅನ್ನುವ ಮಾತಿನ ಹಿಂದಿನ ಅಂಕಿ ಇಷ್ಟು.

ಕೇಂದ್ರದಲ್ಲಿ ಇದು ಒಂಟಿ ಯೋಜನೆಯೂ ಅಲ್ಲ. ವಲಸಿಗರು ಮತ್ತು ಸ್ವದೇಶಕ್ಕೆ ಮರಳಿದವರ ಪರಿಹಾರ, ಪುನರ್ವಸತಿ ಅಂತ ಒಂದೇ ಕೊಡೆಯ ಕೆಳಗೆ ಹಲವು ಯೋಜನೆ ಸೇರಿಸಿ 2021-22ರಿಂದ 2025-26ರವರೆಗೆ 1,452 ಕೋಟಿ ರೂಪಾಯಿ ಇಡಲಾಗಿತ್ತು. ತಮಿಳುನಾಡಿನ ಶಿಬಿರಗಳಲ್ಲಿರುವ ಶ್ರೀಲಂಕಾ ತಮಿಳರು, ಪಾಕ್ ಆಕ್ರಮಿತ ಕಾಶ್ಮೀರದಿಂದ ಬಂದ ಕುಟುಂಬಗಳು, ತ್ರಿಪುರಾದ ಬ್ರೂ ಜನ ಎಲ್ಲ ಅದರೊಳಗೇ ಬರುತ್ತಾರೆ. ಟಿಬೆಟಿಯನ್ನರ ಪಾಲು ಅದರಲ್ಲಿ ಸಣ್ಣದು.

ಕ್ಯಾಂಪಿನಿಂದ ಹಳ್ಳಿಗೆ ಬಂದ ಸಂಘ

ಈ ಯೋಜನೆಗೆ ಹಾಕಿದ ಶ್ರಮ ಕ್ಯಾಂಪಿನ ಬೇಲಿಯೊಳಗೇ ಉಳಿಯಲಿಲ್ಲ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಟಿಬೆಟಿಯನ್ ನಿರಾಶ್ರಿತರನ್ನು ನೆಲೆಗೊಳಿಸಲು ಸರಕಾರಕ್ಕೆ ನೆರವಾಗಲೆಂದು 1968ರಲ್ಲಿ ‘ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ’ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಕರೆದದ್ದು ಮೈರಾಡಾ. ಸುಮಾರು 15 ಸಾವಿರ ಟಿಬೆಟಿಯನ್ನರು ರಾಜ್ಯದಲ್ಲಿ ನೆಲೆ ನಿಲ್ಲುವ ಕೆಲಸದಲ್ಲಿ ಅದರ ಕೈ ಇದೆ.

ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಮೈರಾಡಾ ಬಾಗಿಲು ಹಾಕಲಿಲ್ಲ. ರಾಜ್ಯದ ಬಡ ಹಳ್ಳಿಗಳ ಕಡೆ ತಿರುಗಿತು. 80ರ ದಶಕದ ಮಧ್ಯದಲ್ಲಿ, ದೊಡ್ಡ ಸಹಕಾರಿ ಸಂಘಗಳು ಒಡೆದು ಹೋದ ಕಡೆ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರುವ ಹತ್ತು ಹದಿನೈದು ಜನ ತಾವೇ ಗುಂಪು ಕಟ್ಟಿ ಉಳಿತಾಯ ಮಾಡುವುದು, ಒಳಗೊಳಗೇ ಸಾಲ ಕೊಟ್ಟುಕೊಳ್ಳುವುದು ಶುರುವಾಯಿತು. ಮೈರಾಡಾ ಅದನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ದೇಶಮಟ್ಟದಲ್ಲಿ ಆರಂಭಿಸಿತು. ಇವತ್ತು ಊರೂರಲ್ಲಿ ವಾರಕ್ಕೊಮ್ಮೆ ಕೂತು ಪಾಸ್‌ಬುಕ್ ಬರೆಸುವ ಮಹಿಳೆಯರ ಸ್ವಸಹಾಯ ಸಂಘಗಳಿಗೆ ಬ್ಯಾಂಕು ಜಾಮೀನಿಲ್ಲದೇ ಸಾಲ ಕೊಡುತ್ತದಲ್ಲ, ಆ ದಾರಿ ಮಾಡಿದವರಲ್ಲಿ ನಿರಾಶ್ರಿತರಿಗಾಗಿ ಹುಟ್ಟಿದ ಈ ಸಂಸ್ಥೆಯೂ ಒಂದು.

ಮುಂಡಗೋಡದ ಮಟ್ಟಿಗೂ ಹೀಗೇ. ಕ್ಯಾಂಪಿನವರು ನಡೆಸುವ ಆಸ್ಪತ್ರೆಗೆ ಸುತ್ತಲಿನ ಹಳ್ಳಿಯವರೂ ಹೋಗುತ್ತಾರೆ. ಎಷ್ಟೋ ಹೊಲಗಳಲ್ಲಿ ಈಗ ಉಳುವವರು, ಕಳೆ ತೆಗೆಯುವವರು ಅಕ್ಕಪಕ್ಕದ ಊರಿನವರೇ. ಮಠಗಳಿಗೆ ಬೇಕಾದ ಅಕ್ಕಿ, ಬೇಳೆ, ತರಕಾರಿ, ಸಿಮೆಂಟು, ಕೂಲಿ, ವಾಹನ ಬಹುಪಾಲು ಸ್ಥಳೀಯ ಪೇಟೆಯಿಂದಲೇ ಹೋಗುತ್ತದೆ. 2019ರ ಡಿಸೆಂಬರ್‌ನಲ್ಲಿ ದಲೈಲಾಮಾ ಮುಂಡಗೋಡಕ್ಕೆ ಬಂದಾಗ ಊರು ತುಂಬಿತ್ತು. ರಥೋತ್ಸವದ ದಿನ ಮುರ್ಡೇಶ್ವರದ ಅಂಗಡಿಕಾರರಿಗೆ ಹೇಗೋ, ಅಂಥ ದಿನ ಮುಂಡಗೋಡದ ಅಂಗಡಿಕಾರರಿಗೆ ಹಾಗೆ.

ಮತ ಹಾಕಬಹುದಾ? ಪಾಸ್‌ಪೋರ್ಟ್ ಸಿಗುತ್ತದಾ?

ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತ ಯಾರು, ಅವನ ಹಕ್ಕೇನು ಅಂತ ಹೇಳುವ ಪ್ರತ್ಯೇಕ ಕಾಯ್ದೆಯೂ ದೇಶದಲ್ಲಿಲ್ಲ. ಟಿಬೆಟಿಯನ್ನರಿಗೆ, ಶ್ರೀಲಂಕಾ ತಮಿಳರಿಗೆ ಸರಕಾರವೇ ಆಶ್ರಯ ಕೊಟ್ಟು ನೋಡಿಕೊಳ್ಳುತ್ತದೆ. ಬೇರೆ ಕೆಲವು ದೇಶಗಳಿಂದ ಆಶ್ರಯ ಕೇಳಿ ಬಂದವರ ಅರ್ಜಿಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ನೋಡುತ್ತದೆ. ಅಂಥವರಿಗೆ ಕ್ಯಾಂಪೂ ಇಲ್ಲ, ಜಾಗವೂ ಇಲ್ಲ.

ಕಾನೂನಿನ ಕಣ್ಣಲ್ಲಿ ಟಿಬೆಟಿಯನ್ನರು ವಿದೇಶಿಯರು. ನೋಂದಣಿ ಪ್ರಮಾಣಪತ್ರ ಇಟ್ಟುಕೊಂಡು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ.

ಆದರೆ ಪೌರತ್ವ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಪ್ರಜೆಗಳು. ಇದನ್ನು ಟಿಬೆಟಿಯನ್ನರಿಗೂ ಅನ್ವಯಿಸಿ 2010ರಲ್ಲಿ ದಿಲ್ಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟವು. 2014ರಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಅಂದರೆ 1970ರಲ್ಲಿ ಮುಂಡಗೋಡದ ಕ್ಯಾಂಪಿನಲ್ಲಿ ಹುಟ್ಟಿದವರು ಬೇಕೆಂದರೆ ಭಟ್ಕಳದವರ ಹಾಗೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಮತದಾರರಾಗಬಹುದು.

ಬೇಕೆಂದವರು ಕಡಿಮೆ. ಒಂದು ಕಾರಣ ಮನಸ್ಸಿನದು: ಭಾರತದ ಪ್ರಜೆಯಾದರೆ ಟಿಬೆಟಿನ ಹೋರಾಟ ಬಿಟ್ಟುಕೊಟ್ಟ ಹಾಗಾಗುತ್ತದೆ ಅನ್ನುವ ಭಾವನೆ. ಇನ್ನೊಂದು ಹೊಟ್ಟೆಯದು. 2017ರಲ್ಲಿ ಅರ್ಹರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿದ ವಿದೇಶಾಂಗ ಇಲಾಖೆ ಷರತ್ತನ್ನೂ ಇಟ್ಟಿತು. ನೋಂದಣಿ ಪತ್ರ ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು, ನಿರಾಶ್ರಿತರ ಸೌಲಭ್ಯ ತೆಗೆದುಕೊಳ್ಳಬಾರದು. ಪ್ರಜೆ ಆಗಬೇಕಾದರೆ ಹುಟ್ಟಿದ ಮನೆ ಬಿಡಬೇಕು ಅಂದ ಹಾಗಾಯಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಿಂದಲೂ ಇವರಿಗೆ ಪ್ರಯೋಜನ ಇಲ್ಲ. ಅದರಲ್ಲಿ ಬೌದ್ಧರ ಹೆಸರಿದೆ, ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನದಿಂದ ಬಂದವರಿಗೆ ಮಾತ್ರ.

ರಾಜ್ಯದ ಬೇರೆ ಕಡೆ ಏನಾಯಿತು?

ಟಿಬೆಟಿಯನ್ನರ ಕತೆ ಒಂದೇ ಅಲ್ಲ. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ನಡುವೆ ಆದ ಒಪ್ಪಂದದ ಮೇಲೆ ಶ್ರೀಲಂಕಾದ ಚಹಾ ತೋಟಗಳಿಂದ ತಮಿಳರು ಮರಳಿದರು. ಅವರಲ್ಲಿ ಒಂದಷ್ಟು ಜನರಿಗೆ ಸುಳ್ಯ, ಪುತ್ತೂರು ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮ ರಬ್ಬರ್ ತೋಟ ಎಬ್ಬಿಸಿ ಕೆಲಸ, ಕ್ವಾಟರ್ಸು ಕೊಟ್ಟಿತು. ಅವರು ಭಾರತದ ಪ್ರಜೆಗಳು, ಮತ ಹಾಕುತ್ತಾರೆ. ಆದರೆ ಮನೆ ನಿಗಮದ್ದು, ಕೆಲಸಕ್ಕೆ ಅಂಟಿಕೊಂಡಿದ್ದು. ಅತ್ತ ರಾಯಚೂರು ಜಿಲ್ಲೆ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಕ್ಯಾಂಪುಗಳನ್ನು ಮಾಡಿ ಭೂಮಿ ಕೊಡಲಾಯಿತು. ಅವರ ಮಕ್ಕಳ ತಲೆನೋವು ಈಗ ಜಾತಿ ಪ್ರಮಾಣಪತ್ರ. ಬಂಗಾಳದಲ್ಲಿ ಪರಿಶಿಷ್ಟರಾದ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿ ಇಲ್ಲ.

ಮೂರೂ ಕಡೆ ನೋಡಿದರೆ ಒಂದೇ ಗುಣ ಕಾಣುತ್ತದೆ. ಸರಕಾರ ಹೊಟ್ಟೆಗೆ ದಾರಿ ಮಾಡಿತು. ಕಾಗದ ಮಾತ್ರ ಪೂರ್ತಿ ಮಾಡಿಕೊಡಲಿಲ್ಲ.

ಕ್ಯಾಂಪು ಖಾಲಿಯಾದರೆ?

ಕಾಗದ ಇಲ್ಲದ್ದರ ಪರಿಣಾಮ ಈಗ ಮುಂಡಗೋಡದಲ್ಲಿ ಕಾಣುತ್ತಿದೆ. 2009ರಲ್ಲಿ ಟಿಬೆಟಿಯನ್ ಆಡಳಿತವೇ ಮಾಡಿದ ಗಣತಿಯಲ್ಲಿ ಭಾರತದಲ್ಲಿ ಸುಮಾರು 94 ಸಾವಿರ ಜನ ಇದ್ದರು. ಈಗಿನ ಸರಕಾರಿ ಲೆಕ್ಕ 72 ಸಾವಿರದ ಆಸುಪಾಸು. ಓದಿದ ಹುಡುಗ ಹುಡುಗಿಯರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಮನೆಯಲ್ಲಿ ಉಳಿದವರು ವಯಸ್ಸಾದವರು. ಸಾಲಕ್ಕೆ ಆಧಾರ ಆಗದ ಹೊಲ, ಸರಕಾರಿ ನೌಕರಿಗೆ ಲೆಕ್ಕಕ್ಕೆ ಬಾರದ ಪ್ರಮಾಣಪತ್ರ ಹಿಡಿದು ಮಕ್ಕಳು ಯಾಕೆ ಉಳಿಯಬೇಕು?

‘ಹೋಗಲಿ ಬಿಡಿ’ ಅನ್ನುವುದು ಸುಲಭ. ಆದರೆ ಕೊಳ್ಳುವ ಕೈ ಕಡಿಮೆಯಾದರೆ ಮುಂಡಗೋಡದ ಕಿರಾಣಿ, ಬಟ್ಟೆ, ಟ್ಯಾಕ್ಸಿ, ಕೂಲಿ ಎಲ್ಲದಕ್ಕೂ ಪೆಟ್ಟು. ಗಲ್ಫ್ ದುಡ್ಡು ಒಂದು ವರ್ಷ ಕಡಿಮೆ ಬಂದರೆ ಭಟ್ಕಳ ಪೇಟೆ ಹೇಗಾಗುತ್ತದೆ ಅಂತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅತಿಕ್ರಮಣದಾರರ ಪ್ರಶ್ನೆ?

ಮತ್ತೆ ಮೊದಲಿನ ಪ್ರಶ್ನೆಗೆ ಬರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಸಾಕ್ಷ್ಯ ಕೊಡಬೇಕು. ಜಿಲ್ಲೆಯ ಸಾವಿರಾರು ಕುಟುಂಬಗಳು ಸಿಕ್ಕಿಬಿದ್ದದ್ದು ಅಲ್ಲಿ. 1930ರ ಕಾಗದ ಯಾರ ಹತ್ತಿರ ಇದೆ? ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಮನೆ ಮಾರು ಬಿಟ್ಟುಕೊಟ್ಟವರು ಪರಿಹಾರದ ಮೊತ್ತಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಈ ನೋವು ಸುಳ್ಳಲ್ಲ.

ಆದರೆ ಅತಿಕ್ರಮಣದಾರನ ಪಟ್ಟಾವನ್ನು ಟಿಬೆಟಿಯನ್ನರು ತಿಂದಿಲ್ಲ. ಅವರಿಗೂ ಪಟ್ಟಾ ಇಲ್ಲ. ಅವರು ಪಡೆದದ್ದು ಬೇರೆ: ಒಂದು ಊರಿನ ಜನರನ್ನು ಚದುರಿಸದೇ ಒಟ್ಟಿಗೆ ಇಟ್ಟದ್ದು, ಮೊದಲೇ ಜಾಗ ಗೊತ್ತು ಮಾಡಿದ್ದು, ಶಾಲೆ, ಆಸ್ಪತ್ರೆ, ಸಹಕಾರಿ ಸಂಘ ಜೊತೆಜೊತೆಗೇ ಎದ್ದದ್ದು, ಬೆನ್ನ ಹಿಂದೆ ಹತ್ತು ಹದಿನೈದು ವರ್ಷ ಒಂದು ಸಂಸ್ಥೆ ನಿಂತದ್ದು. ಪರಿಹಾರದ ಚೆಕ್ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಯೋಜನೆಗಳಿಗೆ ಜಾಗ ಕಳೆದುಕೊಂಡವರು ಕೇಳಬೇಕಾದದ್ದು ಇಂಥ ಪುನರ್ವಸತಿಯನ್ನು. ‘ಅವರಿಗೆ ಕೊಟ್ಟಿದ್ದನ್ನು ಕಸಿಯಿರಿ’ ಅಂದರೆ ಯಾರ ಮನೆಗೂ ಉತಾರ ಬರುವುದಿಲ್ಲ. ‘ಅವರಿಗೆ ಮಾಡಿದ ಹಾಗೆ ನಮಗೂ ಮಾಡಿ, ಅವರಿಗೆ ಬಾಕಿ ಇಟ್ಟ ಕಾಗದವನ್ನು ನಮಗೂ ಬಾಕಿ ಇಡಬೇಡಿ’ ಅಂದರೆ ಸರಕಾರ ಉತ್ತರ ಹೇಳಲೇಬೇಕಾಗುತ್ತದೆ.

ಕ್ಯಾಂಪ್ ನೋಡಲು ಹೋಗುವವರಿಗೆ

ಭಾರತೀಯರು ಮುಂಡಗೋಡದ ಕ್ಯಾಂಪಿಗೆ ಹೋಗಲು ಅನುಮತಿ ಬೇಕಾಗಿಲ್ಲ. ವಿದೇಶಿ ಪ್ರವಾಸಿಗರು ಅಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಇದು ಕೈಗೆ ಸಿಗಲು ಸಮಯ ಹಿಡಿಯುತ್ತದೆ. ಗೋಕರ್ಣ, ಮುರ್ಡೇಶ್ವರದಿಂದ ವಿದೇಶಿಯರನ್ನು ಕರೆದುಕೊಂಡು ಹೋಗುವ ಟ್ಯಾಕ್ಸಿಯವರು, ರೂಮು ಕೊಡುವ ಲಾಡ್ಜಿನವರು ಇದನ್ನು ಮೊದಲೇ ತಿಳಿಸಿದರೆ ಘಟ್ಟ ಹತ್ತಿ ವಾಪಸ್ ಬರುವುದು ತಪ್ಪುತ್ತದೆ. ಮಠದೊಳಗೆ ಚಪ್ಪಲಿ ಹೊರಗೆ ಬಿಡಬೇಕು, ಪ್ರಾರ್ಥನೆ ನಡೆಯುವಾಗ ಫೋಟೋ ತೆಗೆಯುವ ಮೊದಲು ಕೇಳಬೇಕು. ಇಲ್ಲಿಯ ದೇವಸ್ಥಾನದಲ್ಲಿ ಬಂದವರಿಂದ ಬಯಸುವ ಮರ್ಯಾದೆಯೇ ಅಲ್ಲಿಗೂ ಸಾಕು.